ಟವೆಲ್ಲಿನ ಕೆಳಗೆ ಹಳದಿ ಗುಳಿಗೆಯ ದರ

ಬೆಳಗ್ಗೆ ಎದ್ದ ಕೂಡಲೇ ಎಲ್ಲರೂ ದೇವರ ಮುಖ ನೋಡುತ್ತಾರೆ, ನಾನು ನನ್ನ ಕೈ ನೋಡಿಕೊಳ್ಳುತ್ತೇನೆ. ಹತ್ತೂ ಬೆರಳು ಇದ್ದಲ್ಲೇ ಇರುತ್ತವೆ, ಒಂದೂ ಮಾತು ಕೇಳುವುದಿಲ್ಲ. ಮುಷ್ಟಿ ಕಟ್ಟಲು ಬರುವುದಿಲ್ಲ. ಸಿಟ್ಟು ಬಂದರೆ ಯಾರಿಗೂ ಗುದ್ದುವಂತಿಲ್ಲ ಎಂಬುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ಬಿಸಿನೀರಿನಲ್ಲಿ ಅದ್ದಿ, ಸಾಲೆಗೆ ಹೋಗುವುದಿಲ್ಲವೆಂದು ಹಟ ಮಾಡುವ ಮಕ್ಕಳನ್ನು ಎಬ್ಬಿಸಿದ ಹಾಗೆ ಒಂದೊಂದನ್ನೇ ಪುಸಲಾಯಿಸಿ ಎಬ್ಬಿಸಬೇಕು. ಸೊಸೆ ಚಹಾ ತರುವ ಹೊತ್ತಿಗೆ ಕಪ್ಪಿನ ಕಿವಿಯೊಳಗೆ ಒಂದು ಬೆರಳು ತೂರಿದರೆ ಆ ದಿನ ಛಲೋ ದಿನ.

ವಯಸ್ಸಾಯಿತು, ಹೀಗಾಗುವುದೇ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ವಯಸ್ಸು ನನಗೆ ಆಗಿ ಬಹಳ ದಿನವಾಯಿತು, ಅದೇನು ಬೆರಳಿಗೆ ಬಂದಿರಲಿಲ್ಲ. ಇದು ಗುಳಿಗೆಯ ಕೆಲಸ. ಹೆಸರುಬೇಳೆಯ ಬಣ್ಣ, ತೊಗರಿಕಾಳಿಗಿಂತ ತುಸು ದೊಡ್ಡದು. ಅದರ ಹೆಸರು ಬರೆಯುವುದಿಲ್ಲ. ಓದಿದವರು ಯಾರಾದರೂ ಅಜ್ಜಿ ಹೇಳಿದಳೆಂದು ತಿಂದಾರು, ಇಲ್ಲವೇ ಅಜ್ಜಿ ಹೇಳಿದಳೆಂದು ಬಿಟ್ಟಾರು. ಎರಡೂ ನನ್ನ ತಲೆಯ ಮೇಲೆ ಬೇಡ. ಹಳದಿ ಗುಳಿಗೆ ಅಂದರೆ ಸಾಕು.

ಮೂರು ವರ್ಷದ ಹಿಂದೆ ಸ್ನಾನ ಮಾಡುವಾಗ ನನ್ನ ಎಡಮೊಲೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಮೊಲೆ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಮಗ 'ಎದೆ' ಎನ್ನುತ್ತಾನೆ, ಸೊಸೆ 'ಅದು' ಎನ್ನುತ್ತಾಳೆ, ಬೀಗರು ಫೋನಿನಲ್ಲಿ 'ಅವರಿಗೆ ಆರಾಮಿಲ್ಲಂತಲ್ಲ' ಎಂದು ಅಷ್ಟಕ್ಕೇ ಮುಗಿಸುತ್ತಾರೆ. ಹಲ್ಲು ಬಂದ ದಿನವೇ ಅದನ್ನು ಕಚ್ಚಿ ರಕ್ತ ಬರಿಸಿದ ಮಗನಿಗೆ ಈಗ ಅದರ ಹೆಸರು ಹೇಳಲು ನಾಚಿಕೆ. ಇರಲಿ. ಮೊಲೆ ತೆಗೆದರು. ಈಗ ಕುಪ್ಪಸದ ಎಡಗಡೆ ಹತ್ತಿ ತುರುಕಿಕೊಳ್ಳುತ್ತೇನೆ. ನಮ್ಮ ಕಡೆಯ ಜಯಧರ ಹತ್ತಿ. ನಮ್ಮನೆಯವರು ಬದುಕಿದ್ದರೆ ಅದನ್ನೂ ಎಳೆದು ನೋಡಿ, 'ಗಿಡ್ಡ ಎಳಿ, ಕಸಾನೂ ಭಾಳ ಐತಿ' ಎಂದು ದರ ಇಳಿಸುತ್ತಿದ್ದರು.

ನಮ್ಮನೆಯವರು ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ದಲಾಲಿ ಆಗಿದ್ದರು. ರೈತ ತಂದ ಹತ್ತಿಯನ್ನು ಖರೀದಿದಾರನಿಗೆ ಮಾರಿಸುವ ಕೆಲಸ. ಆ ಕಾಲದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಇಬ್ಬರೂ ಎದುರುಬದುರು ನಿಂತು ಕೈ ಹಿಡಿದು, ಕೈಯ ಮೇಲೆ ಟವೆಲ್ ಹಾಕಿಕೊಳ್ಳುವುದು. ಟವೆಲ್ಲಿನ ಕೆಳಗೆ ಬೆರಳು ಹಿಡಿದರೆ ಅದೇ ಮಾತು. ಒಂದು ಬೆರಳಿಗೆ ಒಂದು ಅರ್ಥ, ಗಿಣ್ಣು ಒತ್ತಿದರೆ ಅರ್ಧ. ಸುತ್ತ ಮಂದಿ ಕಿಕ್ಕಿರಿದು ನಿಂತಿದ್ದರೂ ದರ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಕೈ ಬಿಟ್ಟ ಮೇಲೆ ಅದನ್ನು ಮೂರನೆಯವರ ಮುಂದೆ ಆಡುವಂತಿಲ್ಲ. ದನದ ಪೇಟೆಯಲ್ಲೂ ಇದೇ ಪದ್ಧತಿ. ಅಲ್ಲಿ ಎತ್ತು ಪಕ್ಕದಲ್ಲೇ ಮೆಲುಕು ಹಾಕುತ್ತ ನಿಂತಿರುತ್ತದೆ. ಟವೆಲ್ಲಿನ ಕೆಳಗೆ ಆಗುತ್ತಿರುವುದು ತನ್ನದೇ ದರ ಎಂದು ಅದಕ್ಕೆ ತಿಳಿಯುವುದಿಲ್ಲ. ಹಗ್ಗ ಇನ್ನೊಬ್ಬನ ಕೈಗೆ ಹೋದ ಮೇಲೆ ತಿಳಿಯುತ್ತದೆ.

ಮದುವೆಯಾದ ಹೊಸದರಲ್ಲಿ ಈ ಬೆರಳಿನ ಮಾತನ್ನು ಅವರು ನನಗೂ ಕಲಿಸಿದ್ದರು. ತುಂಬಿದ ಮನೆ, ಅತ್ತೆ ಮಾವನ ಎದುರು ಗಂಡ ಹೆಂಡತಿ ಮಾತಾಡುವುದು ಆಗದ ಕಾಲ. ನೆಂಟರ ಮದುವೆಗೆ ಹೋದರೆ ಪಕ್ಕದಲ್ಲಿ ಕೂತು, ಶಾಲಿನ ಕೆಳಗೆ ನನ್ನ ಬೆರಳು ಹಿಡಿದು, ಎಷ್ಟು ಗಂಟೆಗೆ ಏಳೋಣ ಎಂದು ಕೇಳುತ್ತಿದ್ದರು. ನಾನು ಗಿಣ್ಣು ಒತ್ತಿ ಅರ್ಧ ತಾಸು ಹೆಚ್ಚಿಗೆ ಬೇಡುತ್ತಿದ್ದೆ. ನನ್ನ ಸಂಸಾರದಲ್ಲಿ ನನ್ನನ್ನು ಕೇಳಿ ಆದ ವ್ಯವಹಾರ ಅದೊಂದೇ ಇರಬೇಕು.

ಮೊಲೆ ತೆಗೆದ ಮೇಲೆ ವಿದ್ಯಾನಗರದ ದವಾಖಾನೆಯಲ್ಲಿ ಗುಳಿಗೆಯ ಮಾತು ಬಂತು. ಡಾಕ್ಟರು ಹೆಣ್ಣುಮಗಳು, ನನ್ನ ಸೊಸೆಗಿಂತ ಸಣ್ಣವಳು, ಮುಖ ನೋಡದೆ ಕಂಪ್ಯೂಟರ್ ನೋಡಿ ಮಾತಾಡುವವಳು. ನನ್ನ ಮಗನೂ ಅವಳೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ನಡುವೆ ಕೂತು ಒಮ್ಮೆ ಇವನ ಬಾಯಿ, ಒಮ್ಮೆ ಅವಳ ಬಾಯಿ ನೋಡಿದೆ. ಹೊರಗೆ ಬಂದ ಮೇಲೆ ಮಗ ನನಗೆ ತಿಳಿಸಿ ಹೇಳಿದ. ನನ್ನದು ಹಾರ್ಮೋನ್ ತಿಂದು ಬೆಳೆಯುವ ಜಾತಿಯ ಗಡ್ಡೆ, ಮುಟ್ಟು ನಿಂತ ಮುದುಕಿಯ ಮೈಯಲ್ಲೂ ಆ ಹಾರ್ಮೋನ್ ಅಷ್ಟಿಷ್ಟು ಹುಟ್ಟುತ್ತದೆ, ಅದನ್ನು ನಿಲ್ಲಿಸಲು ದಿನಕ್ಕೊಂದು ಹಳದಿ ಗುಳಿಗೆ, ಐದು ವರ್ಷ.

"ಅದರಿಂದ ತ್ರಾಸ ಏನರ ಐತೇನಪಾ?" ಎಂದು ಕೇಳಿದೆ.

"ಏನಿಲ್ಲ. ಸ್ವಲ್ಪ ಕೈಕಾಲ ನೋವು ಬರ್ತಾವಂತ. ನೀ ಅದನ್ನೆಲ್ಲಾ ತಲ್ಯಾಗ ಹಾಕ್ಕೋಬ್ಯಾಡ."

ಆ ದಿನ ನಾನು ಎತ್ತು. ಮೆಲುಕು ಹಾಕಲು ಬಾಯಲ್ಲಿ ಎಲೆಯಡಿಕೆ ಕೂಡ ಇರಲಿಲ್ಲ, ದವಾಖಾನೆಯಲ್ಲಿ ಉಗುಳುವಂತಿಲ್ಲ ಎಂದು ಸೊಸೆ ಮನೆಯಲ್ಲೇ ಕಸಿದುಕೊಂಡಿದ್ದಳು.

ಒಳಗೆ ಇನ್ನೊಂದು ಸಂಗತಿ ನಡೆದಿತ್ತು. ನನ್ನ ಹೊಟ್ಟೆಯ ಕೆಳಗೆ ಒಂದು ಹಳೆಯ ಹೊಲಿಗೆಯ ಗೆರೆ ಇದೆ. ಅದನ್ನು ಕಂಡು ಡಾಕ್ಟರು ಕನ್ನಡದಲ್ಲೇ ಕೇಳಿದ್ದಳು, ಅದೂ ಮಗನನ್ನು: "ಹಿಂದ ಯಾವುದರ ಆಪರೇಶನ್ ಆಗೇತೇನ್ರಿ ಇವರಿಗೆ?"

"ಫ್ಯಾಮಿಲಿ ಪ್ಲಾನಿಂಗ್ ಆಪರೇಶನ್ ಆಗೇತ್ರಿ ಮೇಡಂ, ನಾ ಸಣ್ಣಾಂವ ಇದ್ದಾಗ."

"ಹಂಗಲ್ರೀ, ಅದು," ಎಂದು ನಾನು ಬಾಯಿ ತೆರೆದೆ.

"ಅವ್ವಾ, ನೀ ಸುಮ್ನ ಕೂಡು. ನಾ ಹೇಳಾಕತ್ತೇನಲ್ಲ."

ನಾನು ಸೀರೆ ಮೇಲೆಳೆದು ಗೆರೆ ಮುಚ್ಚಿಕೊಂಡೆ. ಗಂಡುಮಗನ ಎದುರು ಆ ಮಾತು ಆಡಿ ರೂಢಿಯೂ ಇರಲಿಲ್ಲ.

ಆ ಗೆರೆ ನನ್ನ ಗರ್ಭಚೀಲ ತೆಗೆದದ್ದರ ಗೆರೆ. ಆಗ ನನಗೆ ಮೂವತ್ತು ದಾಟಿತ್ತಷ್ಟೇ. ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು. ಅಂಥದ್ದಕ್ಕೆಲ್ಲ ಚೀಲ ತೆಗೆದುಬಿಡುವ ಡಾಕ್ಟರುಗಳು ಊರೂರಿಗೆ ಇದ್ದರು. ಒಬ್ಬರು ನಮ್ಮನೆಯವರನ್ನು ಒಳಗೆ ಕೂರಿಸಿಕೊಂಡು, ಇದನ್ನು ಹೀಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆದೀತು ಎಂದು ಹೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಮ್ಮನೆಯವರು ಬಾಗಿಲು ತೆರೆದು ಬಂದು, "ಮಾತಾತು. ಸೋಮವಾರ," ಎಂದರು. ಹತ್ತಿ ಗಾಡಿಯ ದರ ಮುಗಿದಾಗ ಹೇಳುವ ಅದೇ ದನಿ. ಮದುವೆ ಮನೆಗಳಲ್ಲಿ ಶಾಲಿನ ಕೆಳಗೆ ನನ್ನ ಬೆರಳು ಹಿಡಿದು ಕೇಳುತ್ತಿದ್ದ ಮನುಷ್ಯ ಆ ದಿನ ನನ್ನ ಕಿರುಬೆರಳನ್ನೂ ಮುಟ್ಟಲಿಲ್ಲ.

ನನಗೆ ಇನ್ನೊಂದು ಕೂಸು ಬೇಕಿತ್ತು. ಹೆಣ್ಣುಕೂಸು. ಅದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ.

ಚೀಲ ತೆಗೆಸಿಕೊಂಡ ಹೆಂಗಸನ್ನು ಆಗ ಓಣಿಯಲ್ಲಿ 'ಖಾಲಿ' ಎಂದು ಆಡಿಕೊಳ್ಳುತ್ತಿದ್ದರು. ಹಾಗಾಗಿ ಅತ್ತೆಯವರು ಮಾತು ಮುಚ್ಚಿಟ್ಟರು. ನಮ್ಮನೆಯವರು ಮಗನನ್ನು ಶಿರಗುಪ್ಪಿಯ ನನ್ನ ತವರಿಗೆ ಕಳಿಸಿ, ನಿಮ್ಮವ್ವನಿಗೆ ಫ್ಯಾಮಿಲಿ ಪ್ಲಾನಿಂಗ್ ಆಪರೇಶನ್ ಎಂದು ಹೇಳಿದರು. ಅವನು ಇಂದಿಗೂ ಅದನ್ನೇ ನಂಬಿದ್ದಾನೆ. ಮುಂದೆ ಕ್ಯಾನ್ಸರ್ ಬಂದೀತು ಎಂದು ಚೀಲ ತೆಗೆದರಲ್ಲ, ಅದೇನು ಬರುವುದು ಬಿಡಲಿಲ್ಲ. ವಿಳಾಸ ಬದಲಾಗಿತ್ತೆಂದು ಎರಡು ಗೇಣು ಮೇಲೆ ಬಂತು.

ಹಳದಿ ಗುಳಿಗೆಯನ್ನು ನಾನು ಮೊದಲ ದಿನದಿಂದ ತಪ್ಪದೆ ನುಂಗಿದೆ. ನುಂಗಲು ಕಾರಣ ಡಾಕ್ಟರೂ ಅಲ್ಲ, ಮಗನೂ ಅಲ್ಲ, ನನ್ನ ಅಕ್ಕ. ಅವಳಿಗೂ ಇದೇ ರೋಗ. ಯಾರಿಗೂ ಹೇಳದೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಹುಣ್ಣು ಒಡೆದು ವಾಸನೆ ಬಂದ ಮೇಲೆ ಮನೆಯವರಿಗೆ ತಿಳಿಯಿತು. ಊದಿನಕಡ್ಡಿ ಹಚ್ಚಿಟ್ಟು ಅವಳ ಹತ್ತಿರ ಕೂರುತ್ತಿದ್ದೆವು. ಆ ವಾಸನೆ ಮೂಗಿನಲ್ಲಿ ಇದ್ದವಳು ಗುಳಿಗೆಯನ್ನು ಹಗುರಾಗಿ ನೋಡುವುದಿಲ್ಲ. ಹಾಗಾಗಿ ಬೆರಳು ಬಿಗಿಯತೊಡಗಿದಾಗ, ಇದು ಬದುಕಿನ ಬಾಡಿಗೆ ಎಂದುಕೊಂಡು ಸುಮ್ಮನಿದ್ದೆ.

ಬಾಡಿಗೆ ಏರುತ್ತಲೇ ಹೋಯಿತು. ಮೊದಲು ಹೋದದ್ದು ರೊಟ್ಟಿ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈ ಬಡಿದು ತಿರುಗಿಸುತ್ತ ತಿರುಗಿಸುತ್ತ ಪರಾತದಗಲ ಮಾಡುವವಳು ನಾನು. ನನ್ನ ರೊಟ್ಟಿಯ ಸಪ್ಪಳ ಕೇಳಿ ಪಕ್ಕದ ಮನೆಯವರು ಹೊತ್ತು ತಿಳಿಯುತ್ತಿದ್ದರು. ಈಗ ಎರಡು ಬಡಿತಕ್ಕೆ ಗಿಣ್ಣಿನಲ್ಲಿ ಸೂಜಿ ಚುಚ್ಚಿದಂತಾಗಿ ಕೈ ಹಿಂದೆ ಬರತೊಡಗಿತು. ಸೊಸೆ ಅಂಗಡಿಯಿಂದ ಕಡಕ್ ರೊಟ್ಟಿಯ ಕಟ್ಟು ತಂದಳು.

"ಇದನ್ನ ತಿನ್ನೋದೋ, ಇದರ ಮ್ಯಾಲೆ ಊಟಾ ನೀಡಿಸಿಕೊಳ್ಳೋದೋ?" ಎಂದೆ.

"ಒಂದ್ ತಿಂಗಳ ಕೆಡೂದಿಲ್ರಿ ಅತ್ತಿ ಇವು."

"ಇದ್ರಾಗ ಕೆಡಾಕ ಏನೈತಿ ಹೇಳವಾ."

ಅವಳು ನಕ್ಕಳು. ಅವಳು ಕೆಟ್ಟವಳಲ್ಲ. ಕುಪ್ಪಸದ ಹುಕ್ಕು ಹಾಕಲು ಬಾರದಾದಾಗ ಹೇಳದೆಯೇ ಬಂದು ಹಾಕಿದವಳು ಅವಳೇ. ಆದರೆ ಹಾಕುವಾಗ ಮುಖ ಗೋಡೆಯ ಕಡೆ ತಿರುಗಿಸುತ್ತಾಳೆ, ಎಡಗಡೆಯ ಬಯಲು ಕಾಣಬಾರದೆಂದು. ದಿನಾ ಬೆಳಗ್ಗೆ ನನ್ನನ್ನು ನೋಡದೆ ನನಗೆ ಬಟ್ಟೆ ತೊಡಿಸುತ್ತಾಳೆ. ಇದು ನನಗೆ ನೋವಿಗಿಂತ ಹೆಚ್ಚು.

ಬೆರಳಿಗೆ ವ್ಯಾಯಾಮ ಆಗಲಿ ಎಂದು ಮೊಮ್ಮಗಳು ತನ್ನ ಹಳೆಯ ಫೋನಿನಲ್ಲಿ ಕನ್ನಡ ಅಕ್ಷರ ಹಾಕಿ ಕೊಟ್ಟಳು. ಒಂದು ಹೆಬ್ಬೆರಳಿನಿಂದ ಕುಟ್ಟುತ್ತೇನೆ. ಒತ್ತಕ್ಷರ ಬಂದಾಗ ಉಸಿರು ಬಿಗಿ ಹಿಡಿಯಬೇಕು. ನಾನು ಫೋನಿಗೆ ಬಂದ ಸುದ್ದಿ ತಿಳಿದ ಕೂಡಲೇ ಬಂಧುಬಳಗ ಔಷಧ ಕಳಿಸತೊಡಗಿತು. ಗುಳಿಗೆ ಬಿಟ್ಟು ಅಗಸಿ ಬೀಜ ತಿನ್ನು ಎಂದು ಒಬ್ಬರು, ಅಗಸಿ ಮುಟ್ಟಲೇಬೇಡ ಎಂದು ಇನ್ನೊಬ್ಬರು. ಕೆಳಗೆ ಇಬ್ಬರದೂ ಕೈ ಮುಗಿದ ಚಿತ್ರ. ನಾನೂ ಕೈ ಮುಗಿದ ಚಿತ್ರ ಕಳಿಸಿದೆ. ಆ ಚಿತ್ರದ ಬೆರಳುಗಳು ಎಷ್ಟು ನೆಟ್ಟಗೆ ಕೂಡುತ್ತವೆ!

ಇಷ್ಟನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಒಂದು ಬೆಳಗ್ಗೆ ಪೂಜೆಗೆ ಕೂತಿದ್ದೆ. ನಮ್ಮಲ್ಲಿ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಅದು ಕೈಯಿಂದ ಜಾರಬಾರದು. ಜಾರಿ ನೆಲಕ್ಕೆ ಬಿದ್ದರೆ ಅದಕ್ಕಿಂತ ಕೇಡು ಬೇರೆ ಇಲ್ಲವೆಂದು ಹಿರಿಯರು ನಮ್ಮನ್ನು ಹೆದರಿಸಿ ಬೆಳೆಸಿದ್ದಾರೆ. ಅಂಗೈ ಬೋಗುಣಿಯಂತೆ ಮಡಚಬೇಕು. ನನ್ನ ಕೈ ಹಲಗೆಯಂತಾಗಿತ್ತು. ಕಣ್ಣು ಮುಚ್ಚಿದ್ದೆ. ಭಾರ ಹೋದಂತಾಯಿತು. ಕಣ್ಣು ಬಿಟ್ಟರೆ ಲಿಂಗ ನನ್ನ ತೊಡೆಯ ಮೇಲಿನ ಸೀರೆಯ ಮಡಿಕೆಯಲ್ಲಿ ಬಿದ್ದಿತ್ತು. ನೆಲಕ್ಕೆ ಒಂದು ಗೇಣೂ ಉಳಿದಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಲಿಂಗವನ್ನು ಎತ್ತಿ ಕೊರಳಿಗೆ ಕಟ್ಟಿಕೊಂಡೆ. ಪ್ರಾಣ ಉಳಿಸಲು ನುಂಗುತ್ತಿರುವುದು ಇನ್ನೇನೇನನ್ನು ಕೈಯಿಂದ ಬೀಳಿಸುತ್ತದೆ ಎಂದು ಮೊದಲ ಸಲ ಭಯವಾಯಿತು. ಆ ದಿನ ಮಗನಿಗೆ ಹೇಳಿದೆ: "ದವಾಖಾನಿಗೆ ಹೋಗೋಣು. ಈ ಗುಳಗಿ ಇನ್ನ ಮ್ಯಾಲೆ ನನ್ನ ಕೈಲೆ ಆಗೂದಿಲ್ಲ."

"ಎಲ್ಲಾರಿಗೂ ಬರೂ ಬ್ಯಾನಿ ಅದು, ಅವ್ವಾ. ಬ್ಯಾನಿ ಬರ್ತೈತಂತ ಔಷಧ ಬಿಡ್ತಾರೇನು? ದೊಡ್ಡವ್ವನ ಗತಿ ಮರತೀ?"

"ಮರತಿಲ್ಲಪಾ. ಅಕೀನ್ನ ತೊಳದಾಕಿ ನಾ. ನೀ ಬಾಗಲ್ದಾಗ ನಿಂತು ಹೋಗಿದ್ದಿ."

ಅವನು ಕಾರಿನ ಕೀಲಿ ತೆಗೆದುಕೊಂಡ. ನಾನು ಪೆಟ್ಟಿಗೆಯಿಂದ ನಮ್ಮನೆಯವರ ಟವೆಲ್ ತೆಗೆದು ಚೀಲದಲ್ಲಿ ಹಾಕಿಕೊಂಡೆ. ಕೆಂಪು ಅಂಚಿನ ಬಿಳಿ ಟವೆಲ್, ಅವರು ಹೋದ ಮೇಲೆ ಯಾರೂ ಹೆಗಲಿಗೆ ಹಾಕಿಲ್ಲ. ಯಾಕೆ ತೆಗೆದುಕೊಂಡೆ ಎಂದು ಆಗ ನನಗೂ ಪೂರ್ತಿ ತಿಳಿದಿರಲಿಲ್ಲ. ಬರಿಗೈಯಲ್ಲಿ ಹೋಗಬಾರದು ಎನಿಸಿತ್ತು.

ಡಾಕ್ಟರ ಕೋಣೆಯಲ್ಲಿ ಮತ್ತೆ ಅದೇ ಆಟ. ಅವರು ಇಂಗ್ಲಿಷ್, ಇವನು ಇಂಗ್ಲಿಷ್. ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂತೆ. ನಡುವೆ 'ಯೂಟರಸ್' ಎಂಬ ಶಬ್ದ ಬಂತು. ಆ ಶಬ್ದ ನನಗೆ ಗೊತ್ತು. ಹಿಂದೊಮ್ಮೆ ಅದು ಕಿವಿಗೆ ಬಿದ್ದ ಮರುವಾರವೇ ನನ್ನದು ಹೋಗಿತ್ತು.

"ಏನಂತಾರ?" ಎಂದು ಮಗನನ್ನು ಕೇಳಿದೆ.

"ಇನ್ನೊಂದು ಬಿಳಿ ಗುಳಗಿ ಐತಂತ. ಅದರಿಂದ ಕೈ ಇಷ್ಟು ಬಿಗಿಯೂದಿಲ್ಲಂತ. ಆದ್ರ ಅದು ಗರ್ಭ..." ಅವನು ಅಲ್ಲಿಗೇ ನಿಂತ. ಕಿವಿ ಕೆಂಪಾದವು. "ಅದು ಹೆಂಗಸರ ಭಾಗಕ್ಕ ತ್ರಾಸ ಕೊಡ್ತೈತಂತ. ಅಲ್ಲೂ ಕ್ಯಾನ್ಸರ್ ಬರಬಹುದಂತ. ಮ್ಯಾಲೆ ಕಾಲಾಗ ರಕ್ತ ಹೆಪ್ಪುಗಟ್ಟೂ ಅಂಜಿಕಿ. ಎರಡೆರಡು ಗಂಡಾಂತರ ಯಾಕ, ಹಳದೀದ ನಡೀಲಿ ಅಂತ ನಾ ಹೇಳೀನಿ."

ನಾ ಹೇಳೀನಿ ಅಂತೆ. ಮಾತಾತು, ಸೋಮವಾರ. ಅದೇ ದನಿ ಅಪ್ಪನಿಂದ ಮಗನ ಗಂಟಲಿಗೆ ಬಂದು ಕೂತಿತ್ತು.

ನಾನು ಮಗನನ್ನು ಬಿಟ್ಟು ಡಾಕ್ಟರ ಕಡೆ ತಿರುಗಿದೆ. "ಡಾಕ್ಟರ್ ಬಾಯಾರ, ಆ ಚೀಲಾ ನನ್ನ ಕಡೆ ಇಲ್ಲ."

ಅವಳು ಕಂಪ್ಯೂಟರ್ ಬಿಟ್ಟು ನನ್ನನ್ನು ನೋಡಿದಳು. "ಏನಂದ್ರಿ?"

"ಗರ್ಭಚೀಲಾರಿ. ಇಲ್ಲ. ತಗದು ಒಗದು ಜಮಾನಾ ಆತು. ಹೊಟ್ಟಿ ಮ್ಯಾಲಿನ ಗೆರಿ ಅದರದು."

"ಅವ್ವಾ, ಏನ್ ಮಾತಾಡಾಕತ್ತಿ? ಅದು ಫ್ಯಾಮಿಲಿ ಪ್ಲಾನಿಂಗ್..."

"ಅದು ನಿಮ್ಮಪ್ಪ ಹೇಳಿದ್ದು. ಹೊಟ್ಟಿ ನಂದು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, "ಹಂಗಾದ್ರ ಮದ್ಲ ಯಾಕ ಹೇಳಲಿಲ್ರಿ?" ಎಂದಳು.

"ನೀವು ಕೇಳಿದ್ದು ಇವನ್ನ. ಇವಗ ಗೊತ್ತಿದ್ದದ್ದು ಇವಾ ಹೇಳಿದಾ."

ನನ್ನ ಮಾತನ್ನು ಹಾಗೇ ನಂಬಲಿಲ್ಲ. ಕೆಳಗೆ ಸ್ಕ್ಯಾನಿಂಗಿಗೆ ಕಳಿಸಿದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಉಪಕರಣ ಆಡಿಸಿದರು. ಯಂತ್ರ ಹೇಳಿತು, ಇಲ್ಲ. ಆಗ ಎಲ್ಲರೂ ನಂಬಿದರು. ನಾನು ಇಷ್ಟು ವರ್ಷ ಹೊತ್ತು ತಿರುಗಿದ ಖಾಲಿಗೆ ಒಂದು ಯಂತ್ರದ ಸಾಕ್ಷಿ ಬೇಕಾಯಿತು.

ಮತ್ತೆ ಒಳಗೆ ಕರೆದಾಗ ಡಾಕ್ಟರು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಪೂರ್ತಿ ಮಾತಾಡಿದಳು. ಹಳದಿಯದು ರೋಗ ಮರಳದಂತೆ ತಡೆಯುವುದರಲ್ಲಿ ಒಂದು ತೂಕ ಮುಂದೆ, ಆದರೆ ಎಲುಬು ಸವೆಸುತ್ತದೆ, ಕೀಲು ಬಿಗಿಸುತ್ತದೆ. ಬಿಳಿಯದು ತುಸು ಹಿಂದೆ, ಅದಕ್ಕೆ ಗರ್ಭಚೀಲದ ಭಯ ಮತ್ತು ರಕ್ತ ಹೆಪ್ಪುಗಟ್ಟುವ ಭಯ. ಚೀಲ ಇಲ್ಲವಾದ್ದರಿಂದ ಮೊದಲ ಭಯ ತಕ್ಕಡಿಯಿಂದ ಇಳಿಯಿತು. ಎರಡನೆಯದು ಉಳಿಯಿತು. ಮೈಯಲ್ಲಿ ಒಮ್ಮಿಂದೊಮ್ಮೆ ಉರಿ ಏಳುವುದೂ ಉಂಟು.

"ತುಸು ಅಂದ್ರ ಎಷ್ಟ್ರಿ?" ಎಂದೆ.

"ಅದು ಹಂಗ ಹೇಳಾಕ ಬರೂದಿಲ್ರಿ ಅಮ್ಮಾ."

"ನಮ್ಮ ಮನ್ಯಾಗ ತುಸು ಉಪ್ಪು ಅಂದ್ರ ಒಬ್ಬೊಬ್ಬರ ಕೈಯಾಗ ಒಂದೊಂದ ನಮೂನಿ. ಎಷ್ಟಂತ ಹೇಳ್ರಿ."

ಮಗ ಮುಂದೆ ಬಂದ. "ಮೇಡಂ, ನನಗ ಹೇಳ್ರಿ. ನಾ ಆಮ್ಯಾಲೆ ಅಕೀಗೆ ತಿಳಿಸಿ ಹೇಳ್ತೇನಿ."

"ನೀ ಎರಡು ವರ್ಷ ತಿಳಿಸಿ ಹೇಳಿದಿ. ಸಾಕು," ಎಂದು ನಾನು ಟವೆಲ್ ಹೊರಗೆ ತೆಗೆದೆ.

ಅದನ್ನು ಕಂಡು ಅವನ ಮುಖ ಸಣ್ಣದಾಯಿತು. ಪೇಟೆಯಲ್ಲಿ ಈಗ ದರ ಕಂಪ್ಯೂಟರಿನಲ್ಲಿ ಆಗುತ್ತದೆ, ಅವನಿಗೆ ಬೆರಳಿನ ಮಾತು ಬಾರದು. ಆದರೆ ಟವೆಲ್ ಯಾರದೆಂದು ಗೊತ್ತು. "ಅವ್ವಾ, ಇಲ್ಲೆಲ್ಲಾ ಇದನ್ನ ಮಾಡಿ ಮರ್ಯಾದಿ ಕಳೀಬ್ಯಾಡ," ಎಂದ.

ನಾನು ಡಾಕ್ಟರಿಗೆ ಪದ್ಧತಿ ಹೇಳಿಕೊಟ್ಟೆ. "ನನ್ನಂಥಾ ಹತ್ತು ಮಂದಿ ಮುದುಕ್ಯಾರು ಸಾಲಾಗಿ ನಿಂತಾರ ಅನಕೋರಿ. ಯಾವ ಗುಳಗಿನೂ ಇಲ್ದ ಅವರಾಗ ಎಷ್ಟು ಮಂದಿಗೆ ಈ ರೋಗ ಮತ್ತ ಬರ್ತೈತಿ? ಅಷ್ಟು ಬೆರಳ ಹಿಡೀರಿ. ಲೆಕ್ಕದಾಗ ಅರ್ಧಾ ಬಂದ್ರ ಗಿಣ್ಣ ಒತ್ತರಿ. ಆಮ್ಯಾಲೆ ಹಳದೀದು. ಆಮ್ಯಾಲೆ ಬಿಳೀದು. ಬಾಯಿ ಬಿಡಬ್ಯಾಡ್ರಿ."

ಅವಳು ಮೊದಲು ನಕ್ಕಳು. "ಅಂದಾಜು ಅಷ್ಟ ಇರ್ತೈತ್ರಿ ಅಮ್ಮಾ. ನಿಮ್ಮ ಒಬ್ಬರ ಮ್ಯಾಲೆ ಹಿಂಗ ಆಗ್ತೈತಿ ಅಂತ ಯಾರೂ ಹೇಳಾಕ ಆಗೂದಿಲ್ಲ."

"ಹತ್ತಿ ದರಾನೂ ಅಂದಾಜರಿ. ನಾಳಿ ಮಳಿ ಯಾರ ಕೈಯಾಗ ಐತಿ?"

ಹೊರಗೆ ಕಾಯುವವರ ಸಾಲು ಇತ್ತು. ಅವಳು ಬಾಗಿಲಿನ ಕಡೆ ನೋಡಿದಳು, ಗಡಿಯಾರ ನೋಡಿದಳು, ಆಮೇಲೆ ಕೈ ಚಾಚಿದಳು. ನಾನು ಟವೆಲ್ ಮುಚ್ಚಿದೆ.

ತಣ್ಣನೆಯ ಕೈ. ಮೊದಲ ದರಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ಒಂದೊಂದೇ ಬೆರಳನ್ನು ಹಿಡಿದು, ನಿಂತು, ಗಿಣ್ಣು ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು, ನೋವಿಗೆ. ಗುಳಿಗೆಯ ದರವನ್ನು ಗುಳಿಗೆ ಕೆಡಿಸಿದ ಗಿಣ್ಣಿನಿಂದಲೇ ಕೇಳಬೇಕಾಯಿತು. ಎರಡನೆಯದು ಹಳದಿಯದು. ಮೂರನೆಯದು ಬಿಳಿಯದು. ಅವಳ ನಗು ಯಾವಾಗಲೋ ಹೋಗಿತ್ತು. ಬಾಯಿಂದ ದಿನಾ ಎಷ್ಟೋ ಜನರಿಗೆ ಹೇಳುವ ಮಾತೇ ಇರಬೇಕು, ಆದರೆ ಒಬ್ಬ ಮುದುಕಿಯ ಬೆರಳು ಹಿಡಿದು ಲೆಕ್ಕ ಹೇಳುವುದು ಬೇರೆ.

ಅವಳು ಏನು ಹೇಳಿದಳೆಂದು ನಾನು ಇಲ್ಲಿ ಬರೆಯುವುದಿಲ್ಲ. ಟವೆಲ್ಲಿನ ಕೆಳಗಿನ ದರ ಹೊರಗೆ ಆಡುವಂತಿಲ್ಲ, ಮತ್ತು ಅದು ನನ್ನ ಮೈಯ ದರ, ಬೇರೆಯವರ ಮೈಗೆ ಹೊಂದುವುದಿಲ್ಲ. ಇಷ್ಟು ಹೇಳಬಹುದು. ಗುಳಿಗೆ ನುಂಗುವುದಕ್ಕೂ ಬಿಡುವುದಕ್ಕೂ ನಡುವಿನ ಅಂತರ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಬಿಟ್ಟೇ ಬಿಡುತ್ತೇನೆ ಎಂದು ಹೋದವಳ ಬಾಯಿ ಕಟ್ಟಿತು. ಹಳದಿಗೂ ಬಿಳಿಗೂ ನಡುವಿನ ಅಂತರ ನಾನು ಹೆದರಿದ್ದಷ್ಟು ಇರಲಿಲ್ಲ. ಮತ್ತು ಯಾವ ಸಲವೂ ಅವಳು ಸೊನ್ನೆ ಹೇಳಲಿಲ್ಲ. ಎರಡು ವರ್ಷ ನನ್ನ ಮಗ ನನಗೆ ಹೇಳಿದ್ದು ಸೊನ್ನೆ. 'ಗುಳಗಿ ತಗೊಂಡ್ರ ಬರೂದ ಇಲ್ಲ, ಅವ್ವಾ.'

"ಬಿಳೀದ ಕೊಡ್ರಿ," ಎಂದೆ.

"ವಿಚಾರ ಮಾಡ್ರಿ. ಲಗೂ ಏನಿಲ್ಲ."

"ಮಾಡೇನ್ರಿ. ಕೈ ಇಲ್ದ ಬದುಕೋದು ನಂಗ ಬ್ಯಾಡ, ಕೈಗಾಗಿ ಸಾಯೋದೂ ಬ್ಯಾಡ. ನಡುವಿನ ಆ ತುಸು ಐತಲ್ಲ, ಅದನ್ನ ನಾ ಕೊಡ್ತೇನಿ."

ಅವಳು ಬರೆದುಕೊಟ್ಟಳು. ಒಂದೇ ಕಡೆ ಬಹಳ ಹೊತ್ತು ಕೂಡಬಾರದು, ದಿನಾ ಅಡ್ಡಾಡಬೇಕು, ಕಾಲಿನ ಮೀನಖಂಡ ಬಾತರೆ ಅಥವಾ ಒಮ್ಮೆಲೇ ಉಸಿರು ಹಿಡಿದರೆ ಗಳಿಗೆ ತಡ ಮಾಡದೆ ಬರಬೇಕು. ಎಲ್ಲವನ್ನೂ ನನಗೇ ಹೇಳಿದಳು. ಮಗ ನನ್ನ ಪಕ್ಕದಲ್ಲಿ ಕೂತು ಒಮ್ಮೆ ಅವಳ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಿದ್ದ.

ಕಾರು ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಬಂತು. ಮಗ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದ: "ನನಗ ಯಾಕ ಹೇಳಲಿಲ್ಲ, ಅವ್ವಾ?"

"ನೀ ಯಾವಾಗ ಕೇಳಿದಿ?"

"ಅಪ್ಪಾ ಯಾಕ ಸುಳ್ಳ ಹೇಳಿದಾ?"

"ಅಂವಾ ದಲಾಲಿ. ಸುಳ್ಳಲ್ಲ ಅದು, ದಂಧೆ."

ಅವನು ಅಳುತ್ತಾನೇನೋ ಎಂದು ನೋಡಿದೆ. ಅಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ತಾಯಿಯ ಚೀಲ ಹೋದದ್ದಕ್ಕಲ್ಲ, ಡಾಕ್ಟರ ಮುಂದೆ ತಾನು ತಪ್ಪು ಹೇಳಿದಂತಾಯಿತಲ್ಲ, ಅದಕ್ಕೆ. ಅಪ್ಪನ ಮಗನೇ. ನನಗೊಬ್ಬಳು ಮಗಳಿದ್ದಿದ್ದರೆ ಏನು ಕೇಳುತ್ತಿದ್ದಳು ಎಂದು ಆ ಹೊತ್ತು ಬಹಳ ನೆನಪಾಯಿತು, ಹುಟ್ಟದವಳು ನೆನಪಾಗುವುದಾದರೆ.

ಮನೆಗೆ ಬಂದು ಟವೆಲ್ ಮಡಚುವಾಗ ನಮ್ಮನೆಯವರ ಮೇಲೆ ಎಂದೂ ಬಾರದ ಸಿಟ್ಟು ಬಂತು. ಅವರು ಅಂದು ನನ್ನನ್ನು ಕೇಳದೆ ಮಾರಿದ ಚೀಲದಿಂದ ಇಂದು ನನಗೆ ಲಾಭವಾಗಿತ್ತು. ಅದು ಇದ್ದಿದ್ದರೆ ಬಿಳಿ ಗುಳಿಗೆ ಸಿಗುತ್ತಿರಲಿಲ್ಲವೇನೋ. ಸತ್ತು ಇಷ್ಟು ವರ್ಷವಾದ ಮೇಲೂ ಆ ಮನುಷ್ಯ ವ್ಯಾಪಾರದಲ್ಲಿ ಗೆದ್ದಿದ್ದರು. 'ನೋಡಿದೇನು?' ಎಂದು ಮೀಸೆಯ ಕೆಳಗೆ ನಗುವುದು ಕಣ್ಣಿಗೆ ಕಟ್ಟಿತು. ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಸೊಸೆ ಕಸ ಹೊಡೆಯುವಾಗ ಸರಿ ಮಾಡಿದಳು. ನಾನು ಮತ್ತೆ ತಿರುಗಿಸಿದೆ. ಮೂರನೆಯ ಸಲ ಅವಳು ಸುಮ್ಮನೆ ಬಿಟ್ಟಳು. ಅಂದಿನಿಂದ ಹುಕ್ಕು ಹಾಕುವಾಗ ಅವಳು ಗೋಡೆ ನೋಡುವುದಿಲ್ಲ, ನನ್ನನ್ನು ನೋಡುತ್ತಾಳೆ. ಒಮ್ಮೆ ಹತ್ತಿಯನ್ನು ತಾನೇ ಸರಿಮಾಡಿ, "ಈ ಕಡೆ ಸ್ವಲ್ಪ ಜಾಸ್ತಿ ಆಗೇತ್ರಿ ಅತ್ತಿ," ಎಂದಳು.

ಬಿಳಿ ಗುಳಿಗೆ ಶುರುವಾಗಿ ಈಗ ಕೆಲವು ತಿಂಗಳು. ಕುತ್ತಿಗೆಯಿಂದ ಒಮ್ಮೆಲೇ ಬೆಂಕಿ ಏರುತ್ತದೆ, ಚಳಿಗಾಲದಲ್ಲೂ ಪಂಖ ಹಚ್ಚುತ್ತೇನೆ, ಮನೆಯವರೆಲ್ಲ ರಗ್ಗು ಹೊದ್ದು ನನ್ನನ್ನು ಬಯ್ಯುತ್ತಾರೆ. ದಿನಾ ಮೀನಖಂಡ ಒತ್ತಿ ನೋಡಿಕೊಳ್ಳುತ್ತೇನೆ. ಮೊದಲು ಕೈ ನೋಡುತ್ತಿದ್ದೆ, ಈಗ ಕೈಯನ್ನೂ ಕಾಲನ್ನೂ. ಬೆರಳು ಪೂರ್ತಿ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲವೇನೋ. ಆದರೆ ಅಂಗೈ ಬೋಗುಣಿಯಾಗುತ್ತದೆ. ಲಿಂಗ ನಿಲ್ಲುತ್ತದೆ. ಕಣ್ಣು ಮಾತ್ರ ಮುಚ್ಚುವುದಿಲ್ಲ ಈಗ. ನಂಬಿಕೆ ಹೋದ ಮೇಲೆ ಕಣ್ಣು ತೆರೆದೇ ಪೂಜೆ ಮಾಡಬೇಕು.

ಕಳೆದ ವಾರ ರೊಟ್ಟಿ ಬಡಿದೆ. ಅಂಚು ಬಿರುಕು, ಆಕಾರ ಯಾವ ದೇವರಿಗೂ ಗೊತ್ತಿಲ್ಲ. ಮಗ ಒಂದು ತಿಂದು, ಕೈ ತಟ್ಟೆಯಲ್ಲೇ ಬಿಟ್ಟು ಕೇಳಿದ: "ಅವ್ವಾ, ಆ ದಿನ ಡಾಕ್ಟರ್ ಎಷ್ಟು ಅಂದ್ರು?"

"ಕೇಳಬಾರದು ಅದನ್ನ."

"ನಾ ನಿನ್ನ ಮಗಾ. ನಂಗ ನಿದ್ದಿ ಬರವಲ್ದು."

ಅವನೇ ಎದ್ದು ಹೋಗಿ ಟವೆಲ್ ತಂದ. ನನ್ನ ಎದುರು ನೆಲದ ಮೇಲೆ ಕೂತು, ಅಂಬಲಿ ಕುಡಿಯಲು ಬಟ್ಟಲು ಚಾಚುತ್ತಿದ್ದ ಹುಡುಗನಂತೆ ಕೈ ಚಾಚಿದ. ಬೆರಳಿನ ಮಾತು ಅವನಿಗೆ ಬಾರದು, ಆದರೆ ಎಣಿಸಲು ಬರುತ್ತದೆ. ನಾನು ಟವೆಲ್ ಮುಚ್ಚಿ ಅವನ ಕೈ ಹಿಡಿದೆ. ಎಷ್ಟು ಮೆತ್ತಗಿನ ಕೈ! ದಲಾಲಿಯ ಮಗನ ಕೈ ಇದಲ್ಲ.

ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ನಾನು ಬೇರೆ ಒತ್ತಿದೆ. ಅವಳು ಹೇಳಿದ್ದಕ್ಕಿಂತ ಒಳ್ಳೆಯ ದರ.

ಅವನು ಮನಸ್ಸಿನಲ್ಲೇ ಎಣಿಸಿದ. "ಇಷ್ಟನಾ? ಖರೇ? ಹಂಗಾದ್ರ ಭಾಳ ಛಲೋ ಆತಲ್ಲ ಅವ್ವಾ," ಎಂದ. ಭುಜ ಇಳಿದವು. ಖಾತ್ರಿ ಮಾಡಿಕೊಳ್ಳಲು ಎರಡನೆಯ ಸಲ ಕೇಳಲಿಲ್ಲ. ಬಲಗೈಯಿಂದ ಫೋನ್ ತೆಗೆದುಕೊಂಡು, ಎಡಗೈಯಿಂದ ತಟ್ಟೆ ಮುಂದೆ ಸರಿಸಿ, "ಇನ್ನೊಂದು ರೊಟ್ಟಿ ಹಾಕು," ಎಂದ.

ನಾನು ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದೆ. ಗಿಣ್ಣು ನೋಯುತ್ತಿತ್ತು.